ಕಡಲಿಗೆ ಗೊಬ್ಬರ ಹಾಕುವ ತಿಮಿಂಗಿಲ

ಸಂಸ್ಕೃತದಲ್ಲಿ 'ತಿಮಿ' ಎಂದರೆ ಸಮುದ್ರದಲ್ಲಿ ವಾಸಿಸುವ ಒಂದು ಮಹಾಮತ್ಸ್ಯ. ಆ ತಿಮಿಯನ್ನೇ ನುಂಗುವಂತಹುದು ತಿಮಿಂಗಿಲ. ಇಷ್ಟಕ್ಕೆ ತೃಪ್ತರಾಗದ ನಮ್ಮ ಪೂರ್ವಿಕರು, ತಿಮಿಂಗಿಲವನ್ನೂ ನುಂಗುವ 'ತಿಮಿಂಗಿಲಗಿಲ' ಎಂಬ ಇನ್ನೊಂದು ಜೀವಿಯನ್ನು ಕಲ್ಪಿಸಿದರು. ಹೀಗೆ ಈ ಪ್ರಾಣಿಯ ಹೆಸರಿನಲ್ಲಿಯೇ ನುಂಗುವ ಗುಣ ಅಡಗಿಕೊಂಡಿದೆ. ಪರರ ಸೊತ್ತನ್ನು ಕಬಳಿಸುವ ದೊಡ್ಡ ಮನುಷ್ಯರನ್ನು ಪತ್ರಿಕೆಗಳವರು ಇಂದಿಗೂ 'ತಿಮಿಂಗಿಲಗಳು' ಎಂದೇ ಬರೆಯುತ್ತಾರೆ.

ನಮ್ಮ ತರಗತಿಯಲ್ಲಿ ಒಮ್ಮೆ ಆಹಾರ ಸರಪಳಿಯ ಪಾಠ ನಡೆದಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, "ಸರ್, ಒಂದು ತಿಮಿಂಗಿಲ ದಿನಕ್ಕೆ ಅಷ್ಟೊಂದು ತಿನ್ನುವುದಾದರೆ, ತಿಮಿಂಗಿಲಗಳೇ ಇಲ್ಲದಿದ್ದರೆ ಸಮುದ್ರದಲ್ಲಿ ಮೀನು ಹೆಚ್ಚಾಗುವುದಿಲ್ಲವೆ?" ಎಂದು ಕೇಳಿದನು. ಪ್ರಶ್ನೆ ಸಹಜವಾದುದು. ಉಣ್ಣುವವರು ಕಡಿಮೆಯಾದರೆ ಅನ್ನ ಉಳಿಯುತ್ತದೆ ಎಂಬುದು ನಾವೆಲ್ಲರೂ ಬಲ್ಲ ಲೆಕ್ಕ. ದೊಡ್ಡ ದೊಡ್ಡ ತಿಳಿವಳಿಕಸ್ಥರೂ ಬಹುಕಾಲ ಹೀಗೆಯೇ ಲೆಕ್ಕ ಹಾಕಿದ್ದರು. ಆದರೆ ಕಡಲು ಆ ಲೆಕ್ಕವನ್ನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ತಿಮಿಂಗಿಲವು ಮೀನಲ್ಲ. ಅದು ನಮ್ಮಂತೆಯೇ ಬಿಸಿರಕ್ತದ ಪ್ರಾಣಿ; ಶ್ವಾಸಕೋಶದಿಂದ ಉಸಿರಾಡುತ್ತದೆ; ಮರಿ ಹಾಕಿ ಹಾಲೂಡುತ್ತದೆ. ಎಷ್ಟು ಆಳಕ್ಕೆ ಮುಳುಗಿದರೂ ಉಸಿರಿಗಾಗಿ ಅದು ಮೇಲಕ್ಕೆ ಬರಲೇಬೇಕು. ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ತಿಮಿಂಗಿಲಗಳಲ್ಲಿ ಎರಡು ಪಂಗಡಗಳುಂಟು. ಸ್ಪರ್ಮ್ ತಿಮಿಂಗಿಲದಂತಹವಕ್ಕೆ ಹಲ್ಲುಗಳಿವೆ. ಅವು ಸಾವಿರ ಮೀಟರಿಗೂ ಆಳವಾಗಿ ಮುಳುಗಿ ಬೊಂಡಾಸಗಳನ್ನು ಹಿಡಿದು ತಿನ್ನುತ್ತವೆ. ನೀಲಿ ತಿಮಿಂಗಿಲ, ಗೂನುಬೆನ್ನಿನ ತಿಮಿಂಗಿಲ ಮೊದಲಾದವಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಇಳಿಬಿದ್ದ ಬಾಚಣಿಗೆಯಂತಹ ಪಟ್ಟಿಗಳ ಸಾಲಿದೆ. ಬಾಯಿ ತುಂಬ ನೀರನ್ನು ಎಳೆದುಕೊಂಡು, ಜರಡಿ ಹಿಡಿದಂತೆ ನೀರನ್ನು ಹೊರಕ್ಕೆ ದೂಡಿ, ಒಳಗೆ ಉಳಿದ ಸಣ್ಣ ಜೀವಿಗಳನ್ನು ಅವು ನುಂಗುತ್ತವೆ. ನೀಲಿ ತಿಮಿಂಗಿಲವು ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ. ಅದು 30 ಮೀಟರಿನಷ್ಟು ಉದ್ದ ಬೆಳೆಯಬಲ್ಲದು. ತೂಕ 100 ಟನ್ನನ್ನು ಮೀರುವುದುಂಟು. ಇಷ್ಟು ದೊಡ್ಡ ದೇಹ ಬೆಳೆಯುವುದು ನಮ್ಮ ಬೆರಳಿಗಿಂತ ಉದ್ದವಿಲ್ಲದ, ಸಿಗಡಿಯನ್ನು ಹೋಲುವ 'ಕ್ರಿಲ್' ಎಂಬ ಜೀವಿಯಿಂದ ಎಂಬುದು ಆಶ್ಚರ್ಯವಲ್ಲವೆ?

ಇನ್ನು ಆ ಕ್ರಿಲ್ ಏನನ್ನು ತಿಂದು ಬದುಕುತ್ತದೆ? ನೆಲದ ಮೇಲೆ ದನಕರುಗಳಿಗೆ ಹುಲ್ಲು ಹೇಗೋ ಕಡಲಿನ ಜೀವಿಗಳಿಗೆ ಸಸ್ಯಪ್ಲವಕಗಳು ಹಾಗೆ. ಇವು ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ, ನೀರಿನಲ್ಲಿ ತೇಲುತ್ತಿರುವ ಸಸ್ಯರೂಪಿ ಜೀವಿಗಳು. ಬಿಸಿಲಿನ ಸಹಾಯದಿಂದ ಇಂಗಾಲದ ಡೈ ಆಕ್ಸೈಡನ್ನು ಹೀರಿ, ಆಹಾರವನ್ನು ತಯಾರಿಸಿ, ಆಮ್ಲಜನಕವನ್ನು ಬಿಡುತ್ತವೆ. ಭೂಮಿಯಲ್ಲಿ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಅರ್ಧದಷ್ಟು ಕಡಲಿನಿಂದಲೇ ಬರುತ್ತದೆ. ಕಾಡುಗಳಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಈ ಕಣ್ಣಿಗೆ ಕಾಣದ ಹುಲ್ಲುಗಾವಲಿಗೂ ಸಲ್ಲಬೇಕು.

ಹುಲ್ಲು ಬೆಳೆಯಲು ಬಿಸಿಲು, ನೀರು ಇದ್ದರೆ ಸಾಲದು, ಗೊಬ್ಬರವೂ ಬೇಕು. ಕಡಲಿನಲ್ಲಿ ಒಂದು ತೊಡಕುಂಟು. ಬಿಸಿಲು ಇರುವುದು ಮೇಲಿನ ಸುಮಾರು 200 ಮೀಟರಿನೊಳಗೆ ಮಾತ್ರ. ಅಲ್ಲಿ ಸತ್ತ ಜೀವಿಗಳೂ ಕಸಕಡ್ಡಿಗಳೂ ಭಾರದಿಂದ ಕೆಳಗಿಳಿಯುತ್ತ ಹೋಗುತ್ತವೆ. ಹೀಗೆ ಬಿಸಿಲು ಮೇಲೆ, ಸಾರ ಕೆಳಗೆ. ಮೇಲಿನ ಹುಲ್ಲುಗಾವಲು ಬಡವಾಗುತ್ತದೆ. ಕತ್ತಲೆಯ ತಳದಲ್ಲಿ ಸಾರವು ಬಳಕೆಯಿಲ್ಲದೆ ಬಿದ್ದಿರುತ್ತದೆ.

ಅಂಟಾರ್ಕ್ಟಿಕ ಖಂಡವನ್ನು ಸುತ್ತಿರುವ ದಕ್ಷಿಣ ಮಹಾಸಾಗರದಲ್ಲಿ ಇನ್ನೊಂದು ಕೊರತೆಯೂ ಇದೆ. ಅಲ್ಲಿ ಸಾರಜನಕಕ್ಕೆ ಬರವಿಲ್ಲ; ಕಬ್ಬಿಣಕ್ಕೆ ಬರ. ಕಡಲಿಗೆ ಕಬ್ಬಿಣದ ಅಂಶ ಸೇರುವುದು ಬಹುಮಟ್ಟಿಗೆ ನೆಲದ ಧೂಳಿನಿಂದ, ನದಿಗಳ ಮಣ್ಣಿನಿಂದ. ಅಂಟಾರ್ಕ್ಟಿಕದ ನೆಲವೆಲ್ಲ ಹಿಮದ ಹೊದಿಕೆಯೊಳಗಿದೆ, ಮರುಭೂಮಿಗಳು ಬಹುದೂರ. ಆದುದರಿಂದ ಬೇರೆಲ್ಲ ಪೋಷಕಗಳಿದ್ದರೂ ಚಿಟಿಕೆ ಕಬ್ಬಿಣವಿಲ್ಲದೆ ಸಸ್ಯಪ್ಲವಕಗಳು ಅಲ್ಲಿ ಸೊರಗುತ್ತವೆ. ಅಮೆರಿಕದ ಜಾನ್ ಮಾರ್ಟಿನ್ ಎಂಬ ವಿಜ್ಞಾನಿ 1980ರ ದಶಕದ ಕೊನೆಯಲ್ಲಿ ಈ ವಿಚಾರವನ್ನು ಮುಂದಿಟ್ಟರು. ಅನಂತರ ಹಡಗುಗಳಲ್ಲಿ ಹೋಗಿ ಕಡಲಿಗೆ ಕಬ್ಬಿಣದ ಲವಣವನ್ನು ಹಾಕಿ ನೋಡುವ ಪ್ರಯೋಗಗಳು ನಡೆದವು. 2009ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಜರ್ಮನಿಯ ವಿಜ್ಞಾನಿಗಳೊಂದಿಗೆ ಕೂಡಿ ಇಂತಹದೊಂದು ಪ್ರಯೋಗವನ್ನು ದಕ್ಷಿಣದ ಕಡಲಿನಲ್ಲಿ ಸುಮಾರು 300 ಚದರ ಕಿಲೋಮೀಟರಿನಲ್ಲಿ ಮಾಡಿದರು. ಅದರ ಹೆಸರು 'ಲೋಹಾಫೆಕ್ಸ್'. ನಮ್ಮ 'ಲೋಹ' ಶಬ್ದವೇ ಅದರಲ್ಲಿ ಸೇರಿಕೊಂಡಿದೆ. ಕಬ್ಬಿಣ ಬಿದ್ದೊಡನೆ ಸಸ್ಯಪ್ಲವಕಗಳು ಬೆಳೆದುದು ನಿಜ. ಆದರೆ ಸಣ್ಣ ಪ್ರಾಣಿಗಳು ಅವನ್ನು ಬೇಗನೆ ಮೇಯ್ದುಬಿಟ್ಟವು. ನಿರೀಕ್ಷಿಸಿದಷ್ಟು ಇಂಗಾಲ ತಳಕ್ಕೆ ಇಳಿಯಲಿಲ್ಲ. ಕಡಲಿನ ಬೇಸಾಯ ಮನುಷ್ಯನಿಗೆ ಅಷ್ಟು ಸುಲಭವಾಗಿ ಒಗ್ಗುವಂತಹುದಲ್ಲ.

ಹಾಗಾದರೆ ಅಲ್ಲಿ ಹಿಂದೆ ಬೇಸಾಯ ಮಾಡುತ್ತಿದ್ದವರು ಯಾರು? ಈಗ ತಿಮಿಂಗಿಲಕ್ಕೆ ಮರಳೋಣ. ಅದು ಆಳಕ್ಕೆ ಇಳಿದು ತಿನ್ನುತ್ತದೆ. ಉಸಿರಿಗಾಗಿ ಮೇಲಕ್ಕೆ ಬರುತ್ತದೆ. ಮುಳುಗಿರುವಾಗ ಆಮ್ಲಜನಕವನ್ನು ಉಳಿಸಲು ಅದರ ದೇಹವು ತುರ್ತಿಲ್ಲದ ಕೆಲಸಗಳನ್ನು ನಿಲ್ಲಿಸಿರುತ್ತದೆ. ಆದುದರಿಂದ ಮಲವಿಸರ್ಜನೆಯು ಬಹುಮಟ್ಟಿಗೆ ನೀರಿನ ಮೇಲ್ಭಾಗದಲ್ಲಿಯೇ ಆಗುತ್ತದೆ. ಆ ಮಲವು ಗಟ್ಟಿಯಾದುದಲ್ಲ; ನೀರಿನಲ್ಲಿ ಮೋಡದಂತೆ ಹರಡಿ ತೇಲುತ್ತದೆ. ಕ್ರಿಲ್ ತಿಂದ ತಿಮಿಂಗಿಲದ ಮಲ ಅನೇಕ ಸಲ ಇಟ್ಟಿಗೆಯಂತೆ ಕೆಂಪಾಗಿರುತ್ತದೆ. ನಗಬೇಡಿರಿ. ನಮ್ಮ ಊರುಗಳಲ್ಲಿ ತಿಪ್ಪೆಯಿಲ್ಲದ ರೈತನ ಹೊಲವನ್ನು ನೋಡಿದವರು ಯಾರೂ ಇದಕ್ಕೆ ನಗಲಾರರು. ತಳದ ಸಾರವನ್ನು ಬಿಸಿಲಿನ ಕಡೆಗೆ ಎತ್ತಿ ಹಾಕುವ ಈ ಕ್ರಿಯೆಗೆ ವಿಜ್ಞಾನಿಗಳು 'ತಿಮಿಂಗಿಲದ ಪಂಪು' ಎಂದು ಹೆಸರಿಟ್ಟಿದ್ದಾರೆ. ನಾವು ಕನ್ನಡದಲ್ಲಿ ಅದನ್ನು 'ಏತ' ಎನ್ನಬಹುದು. ಬಾವಿಯ ನೀರನ್ನು ಗದ್ದೆಗೆ ಎತ್ತುವ ಏತವನ್ನು ನಗರದಲ್ಲಿ ಹುಟ್ಟಿದ ನೀವು ನೋಡಿರಲಾರಿರಿ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜನನ್ನು ಕೇಳಿದರೆ ವಿವರಿಸಿಯಾರು.

ಇದು ಬರಿಯ ಊಹೆಯಲ್ಲ. ಅಳೆದು ನೋಡಿದ ಸಂಗತಿ. 2010ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತಿಮಿಂಗಿಲಗಳ ಮಲವನ್ನು ಪರೀಕ್ಷಿಸಿದಾಗ, ಅದರಲ್ಲಿ ಕಬ್ಬಿಣದ ಅಂಶವು ಅಂಟಾರ್ಕ್ಟಿಕದ ಕಡಲ ನೀರಿನಲ್ಲಿರುವುದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚಾಗಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಂದಾಜಿನಂತೆ ದಕ್ಷಿಣ ಮಹಾಸಾಗರದ ಸುಮಾರು 12,000 ಸ್ಪರ್ಮ್ ತಿಮಿಂಗಿಲಗಳು ವರ್ಷಕ್ಕೆ 50 ಟನ್ ಕಬ್ಬಿಣವನ್ನು ಮೇಲ್ನೀರಿಗೆ ಸೇರಿಸುತ್ತವೆ. ಅಮೆರಿಕದ ಈಶಾನ್ಯ ತೀರದ ಮೇನ್ ಕೊಲ್ಲಿಯಲ್ಲಿ ತಿಮಿಂಗಿಲಗಳೂ ಸೀಲ್‌ಗಳೂ ಕೂಡಿ ಮೇಲ್ನೀರಿಗೆ ಒದಗಿಸುವ ಸಾರಜನಕ ವರ್ಷಕ್ಕೆ ಸುಮಾರು 23,000 ಟನ್. ಆ ಕೊಲ್ಲಿಯನ್ನು ಸೇರುವ ನದಿಗಳೆಲ್ಲ ತರುವುದಕ್ಕಿಂತ ಇದು ಹೆಚ್ಚು.

ಇಂತಹ ಬೇಸಾಯಗಾರನನ್ನು ಮನುಷ್ಯನು ಹೇಗೆ ನಡೆಸಿಕೊಂಡನು? ಮೊದಮೊದಲು ದೋಣಿಯಲ್ಲಿ ಹೋಗಿ ಕೈಯಿಂದ ಈಟಿ ಎಸೆದು ಬೇಟೆಯಾಡುತ್ತಿದ್ದನು. ದೀಪದ ಎಣ್ಣೆಗಾಗಿ ಈ ಬೇಟೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ನಾರ್ವೆಯ ಸ್ವೆನ್ ಫಾಯ್ನ್ ಎಂಬಾತನು ಫಿರಂಗಿಯಿಂದ ಹಾರಿಸುವ ಸ್ಫೋಟಕ ಈಟಿಯನ್ನು ಸಿದ್ಧಪಡಿಸಿದನು. ಉಗಿಹಡಗು ಅದಕ್ಕೆ ಜೊತೆಯಾಯಿತು. 1904ರಲ್ಲಿ ದಕ್ಷಿಣ ಜಾರ್ಜಿಯ ದ್ವೀಪದಲ್ಲಿ ಬೇಟೆಯ ಠಾಣ್ಯವೊಂದು ಸ್ಥಾಪನೆಯಾಯಿತು. 1925ರಿಂದ ಈಚೆಗೆ ತಿಮಿಂಗಿಲವನ್ನು ಹಡಗಿನ ಹಿಂಬದಿಯಿಂದಲೇ ಮೇಲಕ್ಕೆ ಎಳೆದು, ಅಲ್ಲಿಯೇ ಕಡಿದು ಕಾಯಿಸುವ ತೇಲುವ ಕಾರಖಾನೆಗಳು ಬಂದವು. ಸಾಬೂನು, ಕೃತಕ ಬೆಣ್ಣೆ, ಯಂತ್ರದ ಎಣ್ಣೆ ಇವುಗಳಿಗಾಗಿ 20ನೆಯ ಶತಮಾನವೊಂದರಲ್ಲಿಯೇ ಕೊಂದ ತಿಮಿಂಗಿಲಗಳ ಸಂಖ್ಯೆ ಸುಮಾರು 29 ಲಕ್ಷ. ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಬೇಟೆಗೆ ಮೊದಲು ಸುಮಾರು 2,39,000 ಇದ್ದವೆಂದು ಅಂದಾಜು. 1970ರ ದಶಕದ ಆರಂಭಕ್ಕೆ ಉಳಿದವು ಸುಮಾರು 360 ಮಾತ್ರ. ನೂರಕ್ಕೆ ಒಂದೂ ಉಳಿಯಲಿಲ್ಲ.

ಇಲ್ಲಿಯೇ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಿದೆ. ತಿಮಿಂಗಿಲಗಳು ಹೋದವು, ಅವು ತಿನ್ನುತ್ತಿದ್ದ ಕ್ರಿಲ್ ಉಳಿಯಬೇಕು, ಕ್ರಿಲ್ ತಿನ್ನುವ ಬೇರೆ ಪ್ರಾಣಿಗಳೂ ಮನುಷ್ಯನೂ ಅದರಿಂದ ಲಾಭ ಪಡೆಯಬೇಕು ಎಂದು ಜನ ಲೆಕ್ಕ ಹಾಕಿದರು. ಆದರೆ ಕ್ರಿಲ್ ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. 1970ರ ದಶಕದಿಂದ ಈಚೆಗೆ ದಕ್ಷಿಣ ಮಹಾಸಾಗರದ ಅಟ್ಲಾಂಟಿಕ್ ಭಾಗದಲ್ಲಿ ಅದು ಬಹಳ ಕಡಿಮೆಯಾಯಿತು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಒಗಟನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಬೇಟೆಗೆ ಮೊದಲು ದಕ್ಷಿಣ ಮಹಾಸಾಗರದ ತಿಮಿಂಗಿಲಗಳು ವರ್ಷಕ್ಕೆ ಸುಮಾರು 43 ಕೋಟಿ ಟನ್ ಕ್ರಿಲ್ ತಿನ್ನುತ್ತಿದ್ದವೆಂದು ಅದರ ಅಂದಾಜು. ಇಂದು ಅಲ್ಲಿರುವ ಕ್ರಿಲ್ ಎಲ್ಲವನ್ನೂ ತೂಗಿದರೂ ಇದರ ಅರ್ಧದಷ್ಟಾದೀತು. ಗಣಿತದ ತರಗತಿಯಲ್ಲಿ ಈ ಲೆಕ್ಕವನ್ನು ಕೊಟ್ಟರೆ ನೀವು ಏನು ಹೇಳುವಿರಿ? ಇರುವುದಕ್ಕಿಂತ ಹೆಚ್ಚು ತಿನ್ನುವುದು ಹೇಗೆ ಸಾಧ್ಯ? ಅಂದು ಕ್ರಿಲ್ ಬಹಳ ಹೆಚ್ಚಾಗಿತ್ತು ಎಂಬುದೊಂದೇ ಉತ್ತರ. ಏಕೆ ಹೆಚ್ಚಾಗಿತ್ತು? ತಿನ್ನುವವನೇ ಗೊಬ್ಬರ ಹಾಕುತ್ತಿದ್ದನು. ಕ್ರಿಲ್‌ನ ದೇಹದಲ್ಲಿದ್ದ ಕಬ್ಬಿಣ ತಿಮಿಂಗಿಲದ ಹೊಟ್ಟೆಯ ಮೂಲಕ ಮತ್ತೆ ನೀರಿಗೆ, ನೀರಿನಿಂದ ಸಸ್ಯಪ್ಲವಕಕ್ಕೆ, ಅದರಿಂದ ಮತ್ತೆ ಕ್ರಿಲ್‌ಗೆ ಸುತ್ತುತ್ತಿತ್ತು. ಭಾರತದಲ್ಲಿಯೇ ಹುಟ್ಟಿದ ವಿಕ್ಟರ್ ಸ್ಮೆಟಾಚೆಕ್ ಎಂಬ ಸಾಗರವಿಜ್ಞಾನಿ ಈ ವಿಚಾರವನ್ನು ಮೊದಲು ಎತ್ತಿ ಹೇಳಿದವರಲ್ಲಿ ಒಬ್ಬರು. ಮೇಲೆ ಹೇಳಿದ ಲೋಹಾಫೆಕ್ಸ್ ಪ್ರಯೋಗದ ಮುಂದಾಳುಗಳಲ್ಲಿಯೂ ಅವರಿದ್ದರು. ಕಡಲಿನ ಹಿಮ ಕರಗುತ್ತಿರುವುದೂ ಕ್ರಿಲ್ ಕಡಿಮೆಯಾಗಲು ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ, ಅದನ್ನೂ ಮರೆಯಬಾರದು. ಆದರೆ ತಿಮಿಂಗಿಲ ಹೋದರೆ ಕ್ರಿಲ್ ಉಳಿದೀತೆಂಬ ಲೆಕ್ಕವಂತೂ ಸುಳ್ಳಾಯಿತು. ಮೇವು ಉಳಿಯಲೆಂದು ದನಗಳನ್ನೆಲ್ಲ ಮಾರಿದ ಒಕ್ಕಲಿಗನು, ಕೆಲವು ವರ್ಷಗಳ ಮೇಲೆ ಗೊಬ್ಬರವಿಲ್ಲದೆ ಹೊಲವು ಬಂಜರಾದುದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತಂತೆ ಆಯಿತು. ನಾವು ತಿಮಿಂಗಿಲದ ಖರ್ಚಿನ ಪುಟವನ್ನು ಮಾತ್ರ ಓದಿದ್ದೆವು. ಜಮೆಯ ಪುಟವನ್ನು ತೆರೆದಿರಲಿಲ್ಲ.

ತಿಮಿಂಗಿಲವು ಬದುಕಿದ್ದಾಗ ಮಾತ್ರವಲ್ಲ, ಸತ್ತ ಮೇಲೂ ಕೊಡುತ್ತದೆ. 2016ರ ಜನವರಿಯಲ್ಲಿ ನಮ್ಮ ಮುಂಬಯಿಯ ಜುಹೂ ತೀರಕ್ಕೆ ಹತ್ತು ಮೀಟರಿನಷ್ಟು ಉದ್ದದ ತಿಮಿಂಗಿಲವೊಂದರ ಶವ ಬಂದು ಬಿದ್ದಿತ್ತು. ನೋಡಲು ಜನ ಕಿಕ್ಕಿರಿದಿದ್ದರು. ಕೊನೆಗೆ ಅದನ್ನು ಮರಳಿನಲ್ಲಿ ಹೂಳಬೇಕಾಯಿತು. ಆಳವಾದ ಕಡಲಿನಲ್ಲಿ ಸತ್ತ ತಿಮಿಂಗಿಲದ ಗತಿ ಬೇರೆ. ಅದು ಮೆಲ್ಲನೆ ತಳಕ್ಕೆ ಇಳಿಯುತ್ತದೆ. ಬಿಸಿಲು ಕಾಣದ, ಅನ್ನಕ್ಕೆ ಗತಿಯಿಲ್ಲದ ಆ ತಳದಲ್ಲಿ ಅದೊಂದು ದೊಡ್ಡ ಅನ್ನಸಂತರ್ಪಣೆ. ಮೊದಲು ಆಳದ ಶಾರ್ಕ್ ಮೀನುಗಳು, ಏಡಿಗಳು ಬಂದು ಮಾಂಸವನ್ನು ತಿನ್ನುತ್ತವೆ. ಆಮೇಲೆ ಹುಳುಗಳು, ಕೊನೆಗೆ ಮೂಳೆಯ ಕೊಬ್ಬನ್ನು ಅವಲಂಬಿಸಿದ ಸೂಕ್ಷ್ಮಜೀವಿಗಳು ದಶಕಗಳವರೆಗೆ ಅಲ್ಲಿ ಬದುಕುತ್ತವೆ. 1987ರಲ್ಲಿ ಕ್ಯಾಲಿಫೋರ್ನಿಯದ ಸಮೀಪದ ಕಡಲ ತಳದಲ್ಲಿ ವಿಜ್ಞಾನಿಗಳು ಇಂತಹದೊಂದು ಜೀವಸಮುದಾಯವನ್ನು ಮೊದಲ ಬಾರಿಗೆ ಕಂಡರು. ಮೂಳೆಯೊಳಗೆ ಬೇರು ಬಿಟ್ಟು ಬದುಕುವ ಹುಳುವೊಂದನ್ನು 2004ರಲ್ಲಿ ವರ್ಣಿಸಲಾಯಿತು. ಆ ದೇಹದಲ್ಲಿದ್ದ ಇಂಗಾಲವೂ ತಳದಲ್ಲಿ ಬಹುಕಾಲ ಉಳಿದುಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತಿಮಿಂಗಿಲಗಳು ಹೆಚ್ಚಾದರೆ ಭೂಮಿಯ ತಾಪದ ಸಮಸ್ಯೆಯೇ ತೀರಿಹೋಗುತ್ತದೆ ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಅದು ಅತಿಶಯೋಕ್ತಿ. ನಮ್ಮ ಕಾರಖಾನೆಗಳೂ ವಾಹನಗಳೂ ಬಿಡುವ ಹೊಗೆಯ ಮುಂದೆ ಅವು ಕಡಲಿಗೆ ಇಳಿಸುವ ಇಂಗಾಲ ಬಹಳ ಅಲ್ಪ. ನಾವು ಮಾಡಿದ ಸಾಲವನ್ನು ತಿಮಿಂಗಿಲ ತೀರಿಸಲಾರದು. ಅದನ್ನು ನಾವೇ ತೀರಿಸಬೇಕು. ತಿಮಿಂಗಿಲದ ಬೆಲೆ ಇರುವುದು ಕಡಲನ್ನು ಫಲವತ್ತಾಗಿ ಇಡುವುದರಲ್ಲಿ.

ಮನುಷ್ಯನು ತಡವಾಗಿಯಾದರೂ ಎಚ್ಚೆತ್ತನು. 1946ರ ಒಪ್ಪಂದದಂತೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಏರ್ಪಟ್ಟಿತು. 1982ರಲ್ಲಿ ಅದು ವ್ಯಾಪಾರದ ಬೇಟೆಯನ್ನು ನಿಲ್ಲಿಸಲು ನಿರ್ಧರಿಸಿತು. ನಾರ್ವೆ, ಜಪಾನುಗಳಂತಹ ದೇಶಗಳು ಇಂದಿಗೂ ಬೇಟೆಯನ್ನು ಪೂರ್ತಿ ಬಿಟ್ಟಿಲ್ಲವಾದರೂ ಹಿಂದಿನ ಸಂಹಾರ ನಿಂತಿದೆ. ಫಲವೂ ಕಂಡಿದೆ. ಬ್ರಜಿಲ್ ದೇಶದ ಕಡೆಯ ದಕ್ಷಿಣ ಅಟ್ಲಾಂಟಿಕಿನಲ್ಲಿ 1950ರ ದಶಕದಲ್ಲಿ ಸುಮಾರು 450ಕ್ಕೆ ಇಳಿದಿದ್ದ ಗೂನುಬೆನ್ನಿನ ತಿಮಿಂಗಿಲಗಳು ಈಗ ಸುಮಾರು 25,000ಕ್ಕೆ ಏರಿವೆ. ಕೊಲ್ಲುವುದನ್ನು ಬಿಟ್ಟರೆ ಸಾಕು, ಪ್ರಕೃತಿ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಆದರೆ ನಮ್ಮ ಮನೆಬಾಗಿಲಿನ ಅರಬ್ಬೀ ಸಮುದ್ರದ ಕಥೆ ಇಷ್ಟು ಸಂತೋಷದ್ದಲ್ಲ. ಲೋಕದ ಬೇರೆ ಗೂನುಬೆನ್ನಿನ ತಿಮಿಂಗಿಲಗಳು ಬೇಸಗೆಯಲ್ಲಿ ಧ್ರುವದ ಕಡೆಗೂ ಚಳಿಗಾಲದಲ್ಲಿ ಬೆಚ್ಚನೆಯ ಕಡಲಿಗೂ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಮಾತ್ರ ಹೀಗೆ ಧ್ರುವದ ಕಡೆಗೆ ಹೋಗದೆ ವರ್ಷವಿಡೀ ಇಲ್ಲಿಯೇ ನೆಲೆಸಿವೆ. ಕಾರಣ ಕೇಳಿದರೆ ನಿಮಗೆ ಸಂತೋಷವಾದೀತು. ನಮ್ಮ ಊರಿನ ಗದ್ದೆಗಳಿಗೆ ಮಳೆ ತರುವ ನೈಋತ್ಯ ಮಾರುತವೇ ಒಮಾನಿನ ತೀರದಲ್ಲಿ ಬೀಸುವಾಗ ತಳದ ತಂಪು ನೀರನ್ನು ಸಾರಸಹಿತವಾಗಿ ಮೇಲಕ್ಕೆ ಎಳೆಯುತ್ತದೆ. ಆಗ ಅಲ್ಲಿ ಸಮೃದ್ಧಿಯಾದ ಆಹಾರ ಬೆಳೆಯುತ್ತದೆ. ನಮಗೂ ಅವಕ್ಕೂ ಅನ್ನ ಕೊಡುವ ಗಾಳಿ ಒಂದೇ. ಸಹಸ್ರಾರು ವರ್ಷಗಳಿಂದ ಬೇರೆಯವುಗಳ ಸಂಪರ್ಕವಿಲ್ಲದೆ ಬಾಳಿದ ಈ ಕುಲದಲ್ಲಿ 1966ರ ನವೆಂಬರ್ ತಿಂಗಳೊಂದರಲ್ಲಿಯೇ 238ನ್ನು ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ, ವಾಯವ್ಯ ಭಾರತಗಳ ಕಡಲಿನಲ್ಲಿ ನಿಯಮ ಮೀರಿ ಕೊಂದವು. ಈ ಸಂಗತಿ ಲೋಕಕ್ಕೆ ತಿಳಿದುದು 1990ರ ದಶಕದಲ್ಲಿ. ಇಂದು ಒಮಾನಿನ ಕಡೆ ಉಳಿದಿರುವವು ನೂರಕ್ಕೂ ಕಡಿಮೆಯೆಂದು ಅಂದಾಜು.

ಅವುಗಳಲ್ಲಿ ಒಂದು ಹೆಣ್ಣಿಗೆ 'ಲುಬಾನ್' ಎಂದು ಹೆಸರು. 2017ರಲ್ಲಿ ಒಮಾನಿನಲ್ಲಿ ವಿಜ್ಞಾನಿಗಳು ಅದರ ಮೈಗೆ ಉಪಗ್ರಹಕ್ಕೆ ಸುದ್ದಿ ಕಳುಹಿಸುವ ಚಿಕ್ಕ ಉಪಕರಣವನ್ನು ಅಂಟಿಸಿದ್ದರು. ಅದು ಅರಬ್ಬೀ ಸಮುದ್ರವನ್ನು ದಾಟಿ ಭಾರತದ ಪಶ್ಚಿಮದ ಕಡಲಿಗೆ ಬಂದು, ದಕ್ಷಿಣದ ತುದಿಯವರೆಗೂ ಸಂಚರಿಸಿತು. 'ಲುಬಾನ್' ಎಂದರೆ ಅರಬ್ಬೀ ಭಾಷೆಯಲ್ಲಿ ಧೂಪದ ಅಂಟು. ನಮ್ಮ ಮನೆಗಳಲ್ಲಿ ಸಂಜೆ ಹಾಕುವ ಲೋಬಾನದ ಹೆಸರು ಬಂದುದು ಅದೇ ಶಬ್ದದಿಂದ. ಭಾಷೆಯೂ ತಿಮಿಂಗಿಲವೂ ಒಂದೇ ಕಡಲನ್ನು ದಾಟಿ ಬಂದಿವೆ.

ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತಿಮಿಂಗಿಲಗಳಿಗೆ ರಕ್ಷಣೆ ಕೊಟ್ಟಿದೆ. ಇಂದು ಅವನ್ನು ಈಟಿಯಿಂದ ಕೊಲ್ಲುವವರು ಇಲ್ಲಿ ಇಲ್ಲ. ಆದರೆ ಸಿಕ್ಕಿಬಿದ್ದು ಬಿಡಿಸಿಕೊಳ್ಳಲಾಗದ ಬಲೆಗಳು, ಡಿಕ್ಕಿ ಹೊಡೆಯುವ ದೊಡ್ಡ ಹಡಗುಗಳು, ಯಂತ್ರಗಳ ಸದ್ದು, ನಾವು ಎಸೆದ ಪ್ಲಾಸ್ಟಿಕ್ ಇವೆಲ್ಲ ಹೊಸ ಈಟಿಗಳಾಗಿವೆ. ನೂರಕ್ಕೂ ಕಡಿಮೆ ಇರುವ ಕುಟುಂಬದಲ್ಲಿ ಒಂದೊಂದು ಸಾವೂ ದೊಡ್ಡ ನಷ್ಟ. ಏಕೆಂದರೆ ತಾಯಿ ತಿಮಿಂಗಿಲ ಎರಡು ಮೂರು ವರ್ಷಗಳಿಗೆ ಒಂದೇ ಮರಿಯನ್ನು ಹಾಕುತ್ತದೆ.

ವಿದ್ಯಾರ್ಥಿ ಮಿತ್ರರೆ, ನಮ್ಮ ಪೂರ್ವಿಕರು ತಿಮಿಂಗಿಲಕ್ಕೆ ಇಟ್ಟ ಹೆಸರು ಅರ್ಧ ಸತ್ಯವನ್ನು ಮಾತ್ರ ಹೇಳಿತು. ಉಳಿದ ಅರ್ಧವನ್ನು ತಿಳಿಯಲು 29 ಲಕ್ಷ ತಿಮಿಂಗಿಲಗಳ ಪ್ರಾಣ ಹೋಗಬೇಕಾಯಿತು. ಇನ್ನು ಮುಂದೆ ಯಾವುದೇ ಪ್ರಾಣಿಯನ್ನು ಕುರಿತು "ಇದು ಎಷ್ಟು ತಿನ್ನುತ್ತದೆ?" ಎಂದು ಕೇಳಿದಾಗ, ಅದರ ಜೊತೆಗೆ "ಇದು ಏನನ್ನು ಹಿಂದಿರುಗಿಸುತ್ತದೆ?" ಎಂದೂ ಕೇಳುವುದನ್ನು ರೂಢಿ ಮಾಡಿಕೊಳ್ಳಿರಿ. ಆ ಎರಡನೆಯ ಪ್ರಶ್ನೆಯನ್ನು ಒಮ್ಮೊಮ್ಮೆ ನಮ್ಮನ್ನು ಕುರಿತೂ ಕೇಳಿಕೊಳ್ಳುವುದು ಒಳ್ಳೆಯದು. ಚೌಪಾಟಿಗೆ ಹೋದಾಗ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು ಮರಳಿನಲ್ಲಿ ಬಿಡದೆ ಮನೆಗೆ ತನ್ನಿರಿ. ಎದುರಿಗೆ ಕಾಣುವ ಆ ನೀರಿನಾಚೆ ಎಲ್ಲಿಯೋ ಲುಬಾನಿನ ಕುಲದವು ಉಸಿರಿಗಾಗಿ ಮೇಲೆ ಬರುತ್ತಿರುತ್ತವೆ. ಬಂದಾಗಲೆಲ್ಲ ಕಡಲಿಗೆ ಒಂದಿಷ್ಟು ಗೊಬ್ಬರ ಹಾಕಿ ಹೋಗುತ್ತಿರುತ್ತವೆ.